ಫೀಸು ಇವತ್ತು, ಸ್ಕಾಲರ್‌ಶಿಪ್ ಮುಂದಿನ ವರ್ಷ

ನನ್ನ ತಂಗಿಗೆ 2025ರ ಸಿಇಟಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದಡಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ನಮ್ಮದು ಸಿಂಧನೂರು, ಮಸ್ಕಿ ನಡುವಿನ ಹಳ್ಳಿ. ಅಪ್ಪಂದು ಕಾಲುವೆ ಕೆಳಗಿನ ನಾಲ್ಕು ಎಕರೆ ಭತ್ತದ ಗದ್ದೆ. ನಾನು ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸೀಟು ಸಿಕ್ಕಾಗಿನಿಂದ ಬ್ಯಾಂಕ್ ಸಾಲದ ಮೊದಲ ಕಂತು ಬರುವವರೆಗೆ ಏನೇನಾಯ್ತು ಅಂತ ಇಲ್ಲಿ ಬರೆದಿದ್ದೇನೆ. ನಮ್ಮ ಕಡೆಯ ಸುಮಾರು ಮನೆಗಳಲ್ಲಿ ಈ ಬೇಸಿಗೆಯಲ್ಲೂ ಇದೇ ಓಡಾಟ ಇರುತ್ತೆ, ಅವರಿಗೆ ಉಪಯೋಗ ಆಗಲಿ.

ಮೊದಲೇ ಒಂದು ಮಾತು. ಎಲ್ಲರೂ ಕೇಳೋದು "ಎಷ್ಟು ಸಿಗುತ್ತೆ" ಅಂತ. ನಮ್ಮನ್ನು ಕಾಡಿದ್ದು "ಯಾವಾಗ ಸಿಗುತ್ತೆ" ಅನ್ನೋದು. ಕಾಗದದ ಮೇಲೆ ಲೆಕ್ಕ ಹಾಕಿದರೆ ನಮ್ಮ ಹುಡುಗಿಯ ಓದಿಗೆ ದುಡ್ಡು ಸಾಕಾಗುತ್ತಿತ್ತು. ಆದರೆ ಆಗಸ್ಟ್‌ನಲ್ಲಿ ಕಟ್ಟಬೇಕಾದ ಫೀಸಿಗೆ ಮುಂದಿನ ಮಾರ್ಚಿನಲ್ಲಿ ಬರೋ ಸ್ಕಾಲರ್‌ಶಿಪ್ ಕೆಲಸಕ್ಕೆ ಬರಲ್ಲ ಅಲ್ವಾ?

ತಂಗಿ ಹತ್ತನೇ ತರಗತಿವರೆಗೆ ಓದಿದ್ದು ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮ. ಪಿಯುಸಿ ಕೂಡ ಸರ್ಕಾರಿ ಕಾಲೇಜೇ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಅದರ ಮೇಲೆ ನಮಗೆ 371(ಜೆ), ಅಂದರೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದಲ್ಲಿ ಕೊಟ್ಟ ವಿಶೇಷ ಸ್ಥಾನಮಾನದ ಮೀಸಲಾತಿ ಕೂಡ ಇದೆ. ನಮ್ಮ ಭಾಗದ ಮೂಲನಿವಾಸಿಗಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ 70, ರಾಜ್ಯದ ಬೇರೆ ಕಡೆ ಶೇ 8ರಷ್ಟು ಸೀಟು ಸಿಗುತ್ತೆ. ಅದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಂಧನೂರು, ಮಸ್ಕಿ ಕಡೆಯವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಇದನ್ನು ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟುಬಿಡಿ. ರಿಸಲ್ಟ್ ಬಂದ ಮೇಲೆ ಹೋದರೆ ಇಡೀ ತಾಲೂಕೇ ಅಲ್ಲಿ ನಿಂತಿರುತ್ತೆ.

ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, ಹೆಚ್ಚುವರಿಯಾಗಿ ಸೃಷ್ಟಿಸಿದ ಶೇ 5ರಷ್ಟು ಸೀಟಿಗೆ ಬೋಧನಾ ಶುಲ್ಕವೇ ಇಲ್ಲ. ಮೆರಿಟ್ ಮೇಲೆ ಕೊಡುತ್ತಾರೆ. ಒಳ್ಳೇ ಕಾಲೇಜಿನಲ್ಲಿ ಅದರ ಕಟ್‌ಆಫ್ ಮಾಮೂಲಿ ಸೀಟಿಗಿಂತ ಬಿಗಿ. ನಮಗೆ ಸಿಗಲಿಲ್ಲ. ಆದರೆ ಕ್ಲೇಮ್ ಮಾಡೋಕೆ ಆದಾಯ ಪ್ರಮಾಣಪತ್ರ ಬಿಟ್ಟು ಬೇರೇನೂ ಖರ್ಚಿಲ್ಲ, ಬಿಡಬೇಡಿ.

ಸೀಟು ಹಂಚಿಕೆ ಆಗಸ್ಟ್ ಮೊದಲ ವಾರ ಬಂತು. ಅವತ್ತು ರಾತ್ರಿ ಮಿಲ್ಲಿನ ಹಳೇ ಲೆಡ್ಜರ್ ಹಾಳೆಯೊಂದರಲ್ಲಿ ಲೆಕ್ಕ ಹಾಕಿದೆ. ಫೀಸು ಒಂದು ಲಕ್ಷ ಹತ್ತು ಸಾವಿರದ ಹತ್ತಿರ. ಹಾಸ್ಟೆಲ್, ಮೆಸ್ ಸೇರಿ 95 ಸಾವಿರ. ಲ್ಯಾಪ್‌ಟಾಪ್, ಪುಸ್ತಕ, ಹಾಸಿಗೆ ದಿಂಬು, ಬಸ್ ಚಾರ್ಜು ಅಂತ 60 ಸಾವಿರ. ಮೊದಲ ವರ್ಷವೇ 2 ಲಕ್ಷ 65 ಸಾವಿರ. ನಾಲ್ಕು ವರ್ಷಕ್ಕೆ ಒಂಬತ್ತು ಲಕ್ಷ ಹತ್ತಿರ. ಅಪ್ಪ ಹಾಳೆ ನೋಡಿ ಏನೂ ಅನ್ನಲಿಲ್ಲ. ಎದ್ದು ಹೋಗಿ ದನಕ್ಕೆ ಮೇವು ಹಾಕಿ ಬಂದ. ಆಮೇಲೆ, "ಹಿಂಗಾರು ಬೆಳಿ ಬಂದ್ರ ಅರ್ಧ ತೀರತೈತಿ ಬಿಡು" ಅಂದ.

ಸೀಟು ಒಪ್ಪಿಕೊಂಡ ಮೇಲೆ ಕೆಇಎ (ಸಿಇಟಿ ನಡೆಸಿ ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ) ಫೀಸು ಕಟ್ಟೋಕೆ ಕೊಡೋದು ಕೆಲವೇ ದಿನ. ಅಷ್ಟರಲ್ಲಿ ಯಾವ ಬ್ಯಾಂಕೂ ಸಾಲ ಕೊಡಲ್ಲ, ಯಾಕಂದ್ರೆ ಅವರಿಗೆ ಕಾಲೇಜಿನ ಪ್ರವೇಶ ಪತ್ರ ಬೇಕು. ಪ್ರವೇಶ ಪತ್ರ ಬೇಕಂದ್ರೆ ಫೀಸು ಕಟ್ಟಿರಬೇಕು. ದಲ್ಲಾಳಿ ಅಂಗಡಿಯಲ್ಲಿ ಕೇಳಿದರೆ ನೂರಕ್ಕೆ ಎರಡು ರೂಪಾಯಿ, ತಿಂಗಳಿಗೆ. ಅಂದರೆ ವರ್ಷಕ್ಕೆ ಶೇ 24. ಅವ್ವ ಕೊರಳಿನ ಬೋರಮಾಳ ತೆಗೆದುಕೊಟ್ಟಳು. ತಂಗಿ ಅಳ್ತಾ ಕೂತಳು. ಅವ್ವ ಬೈದಳು, "ಅಳಬ್ಯಾಡ, ಬ್ಯಾಂಕಿನ್ಯಾಗ ಇರತೈತಿ, ಕಳ್ಳರ ಕಾಟ ತಪ್ಪಿತು." ಬ್ಯಾಂಕಿನ ಚಿನ್ನದ ಸಾಲ ದಲ್ಲಾಳಿ ಬಡ್ಡಿಯ ಅರ್ಧಕ್ಕಿಂತ ಕಮ್ಮಿ. ಅರ್ಧ ದಿನದಲ್ಲಿ ಕೈಗೆ ಬಂತು.

ಇಲ್ಲೊಂದು ವಿಷಯ ಗೊತ್ತಿರಲಿ. ಹೀಗೆ ಮೊದಲೇ ಕಟ್ಟಿದ ಫೀಸಿನ ರಸೀದಿ ಕೊಟ್ಟರೆ, ಸಾಲ ಮಂಜೂರಾದ ಮೇಲೆ ಆ ದುಡ್ಡನ್ನು ನಿಮ್ಮ ಖಾತೆಗೆ ವಾಪಸ್ ಹಾಕುವ ಬ್ಯಾಂಕುಗಳಿವೆ. ಅರ್ಜಿ ಹಾಕುವ ಮೊದಲೇ ಇದನ್ನು ಕೇಳಿ. ಕೆಇಎ ಚಲನ್, ಕಾಲೇಜಿನ ರಸೀದಿ, ಹಾಸ್ಟೆಲ್ ರಸೀದಿ, ಲ್ಯಾಪ್‌ಟಾಪ್ ಬಿಲ್ಲು, ಒಂದನ್ನೂ ಎಸೆಯಬೇಡಿ. ಬಿಲ್ಲು ವಿದ್ಯಾರ್ಥಿ ಹೆಸರಿನಲ್ಲೇ ಇರಲಿ.

ತಂಗಿಯನ್ನು ಹಾಸ್ಟೆಲ್‌ಗೆ ಬಿಟ್ಟು ಬರುವಾಗಲೇ ಕಾಲೇಜಿನ ಕಚೇರಿಯಿಂದ ಬೋನಫೈಡ್, ಪ್ರವೇಶ ಪತ್ರ, ನಾಲ್ಕೂ ವರ್ಷದ ಫೀ ಸ್ಟ್ರಕ್ಚರ್ ಬರೆಸಿಕೊಂಡೆ. ಸೀಲು, ಸಹಿ ಇರಬೇಕು. ಹಾಸ್ಟೆಲ್ ಖರ್ಚು ಅದೇ ಪತ್ರದಲ್ಲಿರಬೇಕು, ಇಲ್ಲಾಂದ್ರೆ ಬ್ಯಾಂಕ್ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಕಾಲೇಜಿನ ಗುಣಮಟ್ಟಕ್ಕೆ ಕೊಡೋ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿನ ಗುಣಮಟ್ಟಕ್ಕೆ ಕೊಡೋ ಎನ್‌ಬಿಎ ಮಾನ್ಯತೆಯ ಪ್ರತಿಯನ್ನೂ ಕೇಳಿ ತಗೊಂಡೆ. ಅಲ್ಲಿನ ಗುಮಾಸ್ತ, "ಇದ್ಯಾಕೆ ನಿಮಗೆ?" ಅಂತ ಆಶ್ಚರ್ಯಪಟ್ಟ. ಯಾಕೆ ಅಂತ ಮುಂದೆ ಹೇಳ್ತೀನಿ. ಇಡೀ ಓಡಾಟದಲ್ಲಿ ದೊಡ್ಡ ಮೊತ್ತ ಉಳಿಸಿದ್ದು ಆ ಒಂದು ಝೆರಾಕ್ಸು.

ಈಗ ಸಾಲದ ಬಗ್ಗೆ. ಹೆಸರುಗಳೇ ತಲೆ ಕೆಡಿಸುತ್ತವೆ, ಒಂದೊಂದಾಗಿ ಬಿಡಿಸಿ ಹೇಳ್ತೀನಿ.

ಪಿಎಂ ವಿದ್ಯಾಲಕ್ಷ್ಮಿ ಅನ್ನೋದು 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಕಾಲೇಜುಗಳಿಗೆ ಮಾತ್ರ, ಶುರುವಾದಾಗ ಸುಮಾರು 860 ಇದ್ದವು. ಅಲ್ಲಿ ಮೆರಿಟ್ ಮೇಲೆ ಸೀಟು ಸಿಕ್ಕವರಿಗೆ ಅಡವೂ ಬೇಡ, ಜಾಮೀನೂ ಬೇಡ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ಸಹಾಯಧನ ಇದೆ. ಆದರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತಗೊಳ್ಳೋರಿಗೆ ಆ ಶೇ 3 ಇಲ್ಲ. ತಂಗಿಯ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬೋದು) ಮಾಡುವಾಗಲೇ ಈ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂರಿ ಅಂತ ಈಗ ಎಲ್ಲರಿಗೂ ಹೇಳ್ತಿದ್ದೇನೆ. ಒಂದೇ ಮಟ್ಟದ ಎರಡು ಕಾಲೇಜಿದ್ದರೆ ಪಟ್ಟಿಯಲ್ಲಿರೋದನ್ನು ಮೇಲೆ ಹಾಕೋದು ಲಾಭ.

ಪಟ್ಟಿಯಲ್ಲಿ ಇಲ್ಲದವರಿಗೆ ಮಾಮೂಲಿ ಶಿಕ್ಷಣ ಸಾಲ. ಬ್ಯಾಂಕುಗಳ ಸಂಘ ಮಾಡಿಕೊಟ್ಟ ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗೆ ನಮ್ಮ ಪಾಲು ಏನೂ ಹಾಕಬೇಕಿಲ್ಲ. ಅದಕ್ಕೆ ಮೇಲ್ಪಟ್ಟರೆ ದೇಶದೊಳಗಿನ ಓದಿಗೆ ಶೇ 5 ನಮ್ಮ ಪಾಲು. ಅದನ್ನು ಒಮ್ಮೆಗೇ ಕಟ್ಟಬೇಕಿಲ್ಲ, ಆಯಾ ವರ್ಷದ ಕಂತಿನ ಜೊತೆ ಹಾಕಿದರೆ ಸಾಕು. ಸ್ಕಾಲರ್‌ಶಿಪ್ ದುಡ್ಡನ್ನೂ ಆ ಪಾಲು ಅಂತ ತೋರಿಸಬಹುದು. ಏಳೂವರೆ ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇರೋದರಿಂದ ಜಮೀನು ಅಡ ಇಡೋ ಅಗತ್ಯ ಇಲ್ಲ. ಏಳೂವರೆ ದಾಟಿದರೆ ಬ್ಯಾಂಕ್ ಆಸ್ತಿ ಕೇಳುತ್ತೆ. ನಾವು 7 ಲಕ್ಷ 20 ಸಾವಿರ ಕೇಳಿದ್ದು ಇದೇ ಕಾರಣಕ್ಕೆ. ನಾಲ್ಕು ಎಕರೆಯ ಪಹಣಿಯನ್ನು ಬ್ಯಾಂಕಿಗೆ ಕೊಡೋಕೆ ಅಪ್ಪನಿಗೆ ಸುತಾರಾಂ ಇಷ್ಟವಿರಲಿಲ್ಲ, ನನಗೂ ಇರಲಿಲ್ಲ.

ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದೆ. ಆಮೇಲೆ ಪ್ರತಿಯನ್ನು ಕೈಯಲ್ಲಿ ಹಿಡಿದು ನಮ್ಮ ಖಾತೆಯಿರೋ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಆಂಧ್ರದ ಕಡೆಯವರು. ಕನ್ನಡ ಅರ್ಧ, ತೆಲುಗು ಅರ್ಧ. ಗಡಿ ಹತ್ತಿರದ ನಮಗೆ ಅದೇನೂ ತೊಂದರೆಯಲ್ಲ. ಕಾಗದ ನೋಡದೇ, "ಕಾಲೇಜು ಬೆಂಗಳೂರಲ್ಲಿದೆ, ಅಲ್ಲೇ ಬ್ರಾಂಚ್‌ನಲ್ಲಿ ಹಾಕಿ" ಅಂದರು. ಬೆಂಗಳೂರಿನ ಬ್ರಾಂಚಿಗೆ ಫೋನ್ ಮಾಡಿದರೆ, "ತಂದೆ ತಾಯಿ ಇರೋ ಊರಲ್ಲೇ ಆಗ್ಬೇಕು" ಅಂದರು. ಇಬ್ಬರ ನಡುವೆ ಸಿಕ್ಕಿ ಸುಮಾರು ದಿನ ಹೋಯಿತು. ಮಿಲ್ಲಿಗೆ ಬರೋ ಬ್ಯಾಂಕಿನ ಇನ್ನೊಬ್ಬ ಅಧಿಕಾರಿ ದಾರಿ ಹೇಳಿಕೊಟ್ಟರು. ನಿಮ್ಮ ಊರು ನಮ್ಮ ಸೇವಾ ವ್ಯಾಪ್ತಿಯಲ್ಲಿಲ್ಲ ಅನ್ನೋ ಕಾರಣ ಕೊಟ್ಟು ಶಿಕ್ಷಣ ಸಾಲದ ಅರ್ಜಿ ವಾಪಸ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆಯಂತೆ. ಮತ್ತೆ ಹೋಗಿ ಜಗಳ ಆಡಲಿಲ್ಲ. "ಸರ್, ಆಗಲ್ಲ ಅಂದ್ರೆ ಕಾರಣ ಬರೆದು ಕೊಡ್ರಿ, ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ರ ಕೇಳ್ತೀನಿ" ಅಂದೆ, ಅಷ್ಟೇ. ಜಿಲ್ಲೆಯ ಬ್ಯಾಂಕುಗಳ ಕೆಲಸದ ಸಮನ್ವಯ ನೋಡೋರು ಅವರು. ಅರ್ಜಿ ತಗೊಂಡರು. ಸ್ವೀಕೃತಿಗೆ ಸೀಲೂ ಬಿತ್ತು.

ಬಾಯಿಮಾತಿನ 'ಇಲ್ಲ'ಗೆ ಬೆಲೆ ಇಲ್ಲ. ಬರೆದುಕೊಟ್ಟ 'ಇಲ್ಲ' ಇದ್ದರೆ ಮೇಲಿನವರ ಹತ್ತಿರ ಹೋಗಬಹುದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಫೀಸಿಲ್ಲ. ನಮಗೆ ಅಲ್ಲಿವರೆಗೆ ಹೋಗೋ ಪ್ರಮೇಯ ಬರಲಿಲ್ಲ.

ಆಮೇಲೆ ಬಂದದ್ದು ಸಿಬಿಲ್, ಅಂದರೆ ಯಾರು ಸಾಲ ತೀರಿಸಿದ್ದಾರೆ, ಯಾರದು ಬಾಕಿ ಅಂತ ದಾಖಲೆ ಇಡೋ ಕಂಪನಿ. ಶಿಕ್ಷಣ ಸಾಲದಲ್ಲಿ ವಿದ್ಯಾರ್ಥಿ ಜೊತೆ ತಂದೆಯೋ ತಾಯಿಯೋ ಸಹ ಸಾಲಗಾರರಾಗಿ ಸಹಿ ಹಾಕಬೇಕು. ಅಪ್ಪನ ವರದಿ ತೆಗೆದರೆ ಹಳೇ ಬೆಳೆ ಸಾಲವೊಂದು ಇನ್ನೂ ಬಾಕಿ ಅಂತ ಕೂತಿದೆ! 2018ರ ಸಾಲಮನ್ನಾದಲ್ಲಿ ಒಂದಷ್ಟು ಮಾಫಿ ಆಗಿತ್ತು, ಉಳಿದದ್ದನ್ನು ಅಪ್ಪ ಕಟ್ಟಿದ್ದ. ನೋ ಡ್ಯೂ ಪತ್ರ ಕೂಡ ಮನೆಯಲ್ಲಿ ಟ್ರಂಕಿನ ತಳದಲ್ಲಿತ್ತು, ಪಹಣಿ ಜೊತೆ ಮಡಚಿ ಇಟ್ಟದ್ದು. ಆದರೆ ಆ ಬ್ಯಾಂಕ್ ಇನ್ನೊಂದರ ಜೊತೆ ಸೇರಿಹೋದ ಮೇಲೆ ಖಾತೆಯನ್ನು ಮುಚ್ಚಿದ್ದೇವೆ ಅಂತ ಸಿಬಿಲ್‌ಗೆ ಯಾರೂ ತಿಳಿಸಿರಲಿಲ್ಲ. ಹೀಗೆ ನಮ್ಮ ಕಡೆ ಎಷ್ಟು ರೈತರ ಹೆಸರು ಕೆಂಪಾಗಿದೆಯೋ ದೇವರಿಗೇ ಗೊತ್ತು. ಮಕ್ಕಳ ಸಾಲಕ್ಕೆ ಹೋದಾಗಲೇ ಅವರಿಗೆ ತಿಳಿಯೋದು.

ವರ್ಷಕ್ಕೊಮ್ಮೆ ಸಿಬಿಲ್‌ನಂಥ ಪ್ರತಿ ಕಂಪನಿಯಿಂದಲೂ ಪೂರ್ತಿ ವರದಿ ಉಚಿತವಾಗಿ ಸಿಗುತ್ತೆ. ಮಗ, ಮಗಳು ದ್ವಿತೀಯ ಪಿಯುಸಿಗೆ ಬಂದ ಕೂಡಲೇ ಅಪ್ಪ ಅವ್ವ ಇಬ್ಬರದ್ದೂ ತೆಗೆದು ನೋಡಿ. ತಪ್ಪಿದ್ದರೆ ಅವರ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು. 30 ದಿನದೊಳಗೆ ಬಗೆಹರಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಅಪ್ಪನ ನೋ ಡ್ಯೂ ಪತ್ರ ಸ್ಕ್ಯಾನ್ ಮಾಡಿ ಹಾಕಿದೆ, ಆ ಬ್ಯಾಂಕಿಗೂ ಒಂದು ಅರ್ಜಿ ಕೊಟ್ಟೆ. ಸರಿಹೋಯಿತು, ಆದರೆ ದಸರಾ ಮುಗಿದು ದೀಪಾವಳಿ ಹತ್ತಿರ ಬಂದಿತ್ತು. ಆ ಒಂದೂವರೆ ತಿಂಗಳು ಚಿನ್ನದ ಸಾಲದ ಬಡ್ಡಿ ಓಡುತ್ತಲೇ ಇತ್ತು. ಹಾಸ್ಟೆಲ್‌ನಿಂದ ತಂಗಿ ಫೋನ್ ಮಾಡಿ, "ಅಣ್ಣಾ, ಬೇಕಿದ್ರ ಬಿಟ್ಟು ಬರ್ತೀನಿ, ರಾಯಚೂರಾಗ ಬಿಎಸ್ಸಿ ಮಾಡ್ತೀನಿ" ಅಂದ ದಿನ ಮಾತ್ರ ಮನಸ್ಸು ಕೆಟ್ಟಿತು. ಬೈದು ಫೋನ್ ಇಟ್ಟೆ. ಊಟ ಸೇರಲಿಲ್ಲ.

ಇನ್ನೊಂದು ತಮಾಷೆ ಹೇಳ್ತೀನಿ. ಸ್ಕಾಲರ್‌ಶಿಪ್ ಕೇಳುವಾಗ ನಾವು ಬಡವರು ಅಂತ ತೋರಿಸಬೇಕು. ಸಾಲ ಕೇಳುವಾಗ ತೀರಿಸೋ ಶಕ್ತಿ ಇದೆ ಅಂತ ತೋರಿಸಬೇಕು. ಒಂದೇ ಫೈಲಿನಲ್ಲಿ ಎರಡೂ! ತಹಸೀಲ್ದಾರ್ ಕೊಟ್ಟ ಆದಾಯ ಪತ್ರ ನೋಡಿ ಮ್ಯಾನೇಜರ್, "ಇಷ್ಟರಲ್ಲಿ ಹೇಗೆ ತೀರಿಸ್ತೀರಿ?" ಅಂತ ಕೇಳಿದರು. ಶಿಕ್ಷಣ ಸಾಲ ನಿಂತಿರೋದೇ ಓದಿದವರ ಮುಂದಿನ ದುಡಿಮೆ ಮೇಲೆ. ಆದರೂ ನನ್ನ ಸಂಬಳದ ಸ್ಟೇಟ್‌ಮೆಂಟ್ ಕೂಡ ಫೈಲಿಗೆ ಸೇರಿಸಿದೆ, ಮ್ಯಾನೇಜರ್‌ಗೆ ಸಮಾಧಾನ ಆಯಿತು.

ಈಗ ಆ ನ್ಯಾಕ್ ಝೆರಾಕ್ಸಿನ ವಿಷಯ. ಕುಟುಂಬದ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದು ಮುಗಿದು ಇನ್ನೊಂದು ವರ್ಷದವರೆಗಿನ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತೆ. 2009ರಿಂದ ಇರೋ ಯೋಜನೆ, ಬ್ಯಾಂಕಿನವರು ಸಿಎಸ್‌ಐಎಸ್ ಅಂತಾರೆ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಇರಬೇಕು. ನಮಗೆ ಇದನ್ನು ಯಾರೂ ತಾವಾಗೇ ಹೇಳಲಿಲ್ಲ. ನಾನೇ ಕೇಳಿದಾಗ, "ಹೌದು, ಇದೆ" ಅಂದರು.

ಇದರ ಬೆಲೆ ಎಷ್ಟು? ವರ್ಷಕ್ಕೆ 1 ಲಕ್ಷ 80 ಸಾವಿರದಂತೆ ನಾಲ್ಕು ಕಂತು, ಒಟ್ಟು 7 ಲಕ್ಷ 20 ಸಾವಿರ. ನಮಗೆ ಬಿದ್ದ ಬಡ್ಡಿ ಶೇ 9.5ರ ಆಸುಪಾಸು. ಮರುಪಾವತಿ ಶುರುವಾಗೋದು ಓದು ಮುಗಿದು ಒಂದು ವರ್ಷದ ಮೇಲೆ. ಅಲ್ಲಿವರೆಗೆ ಮೊದಲ ಕಂತಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿಯಲ್ಲೇ ಕೂಡಿದರೆ 2 ಲಕ್ಷ 39 ಸಾವಿರ ಆಗುತ್ತೆ. ಅದು ಅಸಲಿಗೆ ಸೇರಿದರೆ ಹತ್ತು ವರ್ಷದ ಕಂತು ತಿಂಗಳಿಗೆ 12,400 ರೂಪಾಯಿ ಹತ್ತಿರ. ಸಹಾಯಧನ ಸಿಕ್ಕರೆ 9,300. ಒಂದು ಝೆರಾಕ್ಸ್ ಮತ್ತು ಒಂದು ಆದಾಯ ಪತ್ರಕ್ಕೆ ಇಷ್ಟು.

ಒಂದು ಎಚ್ಚರಿಕೆ. ಸಹಾಯಧನ ಇದ್ದರೂ ಪಾಸ್‌ಬುಕ್ಕಿನಲ್ಲಿ ಬಡ್ಡಿ ಬೀಳುತ್ತಲೇ ಇರುತ್ತೆ. ಸರ್ಕಾರದ ದುಡ್ಡು ಆಮೇಲೆ ಬಂದು ಜಮಾ ಆಗೋದು. ಗಾಬರಿ ಬೇಡ. ಆದರೆ ನಮ್ಮ ಖಾತೆಯ ಹೆಸರು ಆ ವರ್ಷದ ಕ್ಲೇಮ್‌ನಲ್ಲಿ ಹೋಯಿತಾ ಅಂತ ಬ್ಯಾಂಕಿನಲ್ಲಿ ಕೇಳಬೇಕು. ಓದು ಅರ್ಧಕ್ಕೆ ಬಿಟ್ಟರೆ ಈ ಸೌಲಭ್ಯ ಹೋಗುತ್ತೆ, ಅದೂ ನೆನಪಿರಲಿ.

ಸಹಿ ಹಾಕೋ ದಿನ ಸಣ್ಣಪುಟ್ಟ ಖರ್ಚು ಬಂತು. ಇ-ಸ್ಟಾಂಪ್, ನೋಟರಿ, ಅದು ಇದು. ಸರ್ಕಾರಿ ಬ್ಯಾಂಕುಗಳಲ್ಲಿ ದೇಶದೊಳಗಿನ ಓದಿಗೆ ಸಾಮಾನ್ಯವಾಗಿ ಪ್ರೊಸೆಸಿಂಗ್ ಫೀ ಇರಲ್ಲ. ವಿಮೆ ಪಾಲಿಸಿಯೊಂದನ್ನು ಮುಂದಿಟ್ಟರು. ಕಂತು ಎಷ್ಟು, ಸಾಲಕ್ಕೇ ಸೇರಿಸ್ತೀರಾ, ತಗೊಳ್ಳಲೇಬೇಕಾ ಅಂತ ಮೂರೂ ಕೇಳಿ ಆಮೇಲೆ ಸಹಿ ಮಾಡಿ. ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ರಿಯಾಯಿತಿ ಕೊಡೋ ಬ್ಯಾಂಕುಗಳಿವೆ. ಮಂಜೂರಾತಿ ಪತ್ರದಲ್ಲಿ ಅದು ಬಂದಿದೆಯಾ ನೋಡಿ.

ನವೆಂಬರ್‌ನಲ್ಲಿ ಮೊದಲ ಕಂತು ಬಂತು. ಹಾಸ್ಟೆಲ್‌ನ ಬಾಕಿ ಕಾಲೇಜಿಗೆ ನೇರ ಹೋಯಿತು, ನಾವು ಕಟ್ಟಿದ್ದ ಫೀಸು ನಮ್ಮ ಖಾತೆಗೆ.

ಸಾಲದ ಓಡಾಟದ ಜೊತೆಜೊತೆಗೇ ಸ್ಕಾಲರ್‌ಶಿಪ್ ಅರ್ಜಿಗಳೂ ನಡೆದಿದ್ದವು. ರಾಜ್ಯದ್ದು ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದರೆ ಅದೇ ಎಳೆದುಕೊಳ್ಳುತ್ತೆ. ಪ್ರವರ್ಗದಿಂದ ಪ್ರವರ್ಗಕ್ಕೆ ಆದಾಯ ಮಿತಿ ಬೇರೆ, ಇಲಾಖೆಯೂ ಬೇರೆ. ನಮ್ಮನ್ನು ನಿಲ್ಲಿಸಿದ್ದು ಹೆಸರು. ತಂಗಿಯ ಆಧಾರ್‌ನಲ್ಲಿ ಊರ ಹೆಸರು ಅಡ್ಡಹೆಸರಾಗಿ ಕೂತಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ಅಂಕಪಟ್ಟಿ ತಿದ್ದಿಸೋದು ದೊಡ್ಡ ಕೆಲಸ. ಆಧಾರ್ ತಿದ್ದಿಸೋದು ಸುಲಭ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಆಧಾರ್‌ನಲ್ಲಿ ಮಾಡಿಸಿ, ಆಮೇಲೆ ಬ್ಯಾಂಕ್ ಖಾತೆಯಲ್ಲೂ ಹಾಗೇ ಮಾಡಿಸಿದೆವು. ಈ ಕ್ರಮ ತಪ್ಪಿಸಬೇಡಿ.

ಇನ್ನೊಂದು, ಆಧಾರ್ ಬ್ಯಾಂಕಿಗೆ ಲಿಂಕ್ ಆಗಿದೆ ಅಂದರೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್ ಅಂತ ಬೇರೆ ಇದೆ. ಸರ್ಕಾರದ ದುಡ್ಡು ಖಾತೆ ನಂಬರ್ ನೋಡಿ ಬರಲ್ಲ, ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ ಹೋಗುತ್ತೆ. ತಂಗಿಯದು ಶಾಲೆಯಲ್ಲಿದ್ದಾಗ ತೆಗೆದ ಹಳೇ ಖಾತೆಗೆ ಮ್ಯಾಪ್ ಆಗಿತ್ತು, ಆ ಖಾತೆ ಬಳಸದೇ ನಿಂತುಹೋಗಿತ್ತು. ಹೊಸ ಬ್ಯಾಂಕಿನಲ್ಲಿ ಒಂದು ಫಾರಂ ಕೊಟ್ಟರೆ ಬದಲಾಗುತ್ತೆ. 'ಮಂಜೂರಾಗಿದೆ, ಹಣ ಬಂದಿಲ್ಲ' ಅನ್ನೋ ಗೋಳಿನಲ್ಲಿ ಅರ್ಧಕ್ಕರ್ಧ ಇದೇ ಇರುತ್ತೆ ಅಂತ ನನ್ನ ಅನುಮಾನ.

ಎಸ್‌ಎಸ್‌ಪಿಯಲ್ಲೇ ರೈತರ ಮಕ್ಕಳ ವಿದ್ಯಾನಿಧಿಗೂ ಅಪ್ಪನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕಾಗುತ್ತೆ. 2021ರಲ್ಲಿ ಶುರುವಾದಾಗ ಎಂಜಿನಿಯರಿಂಗ್ ಹುಡುಗಿಯರಿಗೆ 11,000 ಅಂತ ಇತ್ತು. ಐಡಿ ಮಾಡಿಸಿ ಇಟ್ಟೆ, ಲೆಡ್ಜರ್‌ನಲ್ಲಿ ಮಾತ್ರ ಸೇರಿಸಲಿಲ್ಲ. ಬಂದರೆ ಬರಲಿ.

ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಇದೆ. ವರ್ಷಕ್ಕೆ ಗರಿಷ್ಠ 1 ಲಕ್ಷ, ಬಡ್ಡಿ ಬರೀ ಶೇ 2. ಅಲ್ಪಸಂಖ್ಯಾತರ ನಿಗಮದಲ್ಲೂ ಅರಿವು ಇದೆ. ಅರ್ಹತೆ ಇದ್ದರೆ ಬ್ಯಾಂಕಿಗಿಂತ ಮೊದಲು ಇಲ್ಲಿ ಅರ್ಜಿ ಹಾಕಿ. ಒಂದೇ ಫೀಸಿಗೆ ಎರಡು ಕಡೆ ಸಾಲ ತೋರಿಸುವಂತಿಲ್ಲ, ಆದ್ದರಿಂದ ಇದು ಸಿಕ್ಕರೆ ಬ್ಯಾಂಕ್ ಸಾಲವನ್ನು ಅಷ್ಟು ಕಮ್ಮಿ ಕೇಳಬಹುದು.

ಕೇಂದ್ರದ್ದು ಎನ್‌ಎಸ್‌ಪಿ ಪೋರ್ಟಲ್. ಮೊದಲು ಒಂದು ಸಲದ ನೋಂದಣಿ, ಮೊಬೈಲ್‌ನಲ್ಲಿ ಮುಖ ತೋರಿಸಬೇಕು. ತಂಗಿಗೆ ಅನ್ವಯಿಸುವಂಥವು ಎರಡಿದ್ದವು. ಒಂದು, ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದವರಿಗೆ ಕೊಡೋ ಕೇಂದ್ರ ವಲಯದ ಸ್ಕಾಲರ್‌ಶಿಪ್. ಡಿಗ್ರಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000. ಇನ್ನೊಂದು, ಎಐಸಿಟಿಇಯ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ. ಎಂಜಿನಿಯರಿಂಗ್, ಡಿಪ್ಲೊಮಾ ಹುಡುಗಿಯರಿಗೆ ಮಾತ್ರ, ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗೆ, ಒಂದು ಮನೆಯಿಂದ ಇಬ್ಬರಿಗೆ. ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಓದೋ ಎಷ್ಟೋ ಹುಡುಗಿಯರು ಇದರ ಹೆಸರೇ ಕೇಳಿಲ್ಲ. ಮೊದಲ ವರ್ಷದಲ್ಲೇ ಹಾಕಬೇಕು. ಆದರೆ ಇಂಥ ಸರ್ಕಾರಿ ಸ್ಕಾಲರ್‌ಶಿಪ್‌ಗಳನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ. ಪ್ರಗತಿ ತಗೊಂಡರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇರಬಾರದು. ಎಲ್ಲದರ ಮೊತ್ತ ಕೂಡಿ ಕನಸು ಕಾಣಬೇಡಿ. ಯಾವುದು ದೊಡ್ಡದೋ ಅದೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಅರ್ಜಿ ಹಾಕಿದರೆ ಮುಗಿಯಲ್ಲ, ಕಾಲೇಜಿನ ನೋಡಲ್ ಅಧಿಕಾರಿ ಆನ್‌ಲೈನ್‌ನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅಲ್ಲಿ ನಿಂತರೆ ನಿಂತಿತು. ತಂಗಿ ಅರ್ಜಿಯ ಪ್ರಿಂಟ್ ಹಿಡಿದು ಆ ಕಚೇರಿಯ ಬಾಗಿಲು ಬಿಡಲಿಲ್ಲ, ಕೊನೆ ದಿನದ ಹತ್ತಿರ 'ವೆರಿಫೈಡ್' ಅಂತ ಬಂತು. ನಾಚಿಕೆ ಸ್ವಭಾವದ ಹುಡುಗಿ, ಆ ಒಂದು ತಿಂಗಳಲ್ಲಿ ಮಾತು ಕಲಿತಳು.

ಹೊರಗಿನ ಖಾಸಗಿ ಸ್ಕಾಲರ್‌ಶಿಪ್‌ಗಳ ನಿಯಮ ಬೇರೆ ಬೇರೆ, ಪ್ರತಿಯೊಂದನ್ನೂ ಓದಬೇಕು. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತೆ. ಕರ್ನಾಟಕದಲ್ಲಿ 2025ರಲ್ಲಿ ಶುರುವಾಯಿತು. ಖಾತೆ ಹುಡುಗಿಯ ಹೆಸರಲ್ಲೇ ಇರಬೇಕು. ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಹೀಗೂ ಒಂದು ಲಾಭ ಆಯಿತು. ರಿಲಯನ್ಸ್ ಫೌಂಡೇಶನ್‌ದು ಇಡೀ ಕೋರ್ಸಿಗೆ 2 ಲಕ್ಷದವರೆಗೆ, ಅದಕ್ಕೊಂದು ಆನ್‌ಲೈನ್ ಪರೀಕ್ಷೆ ಇರುತ್ತೆ. ತಂಗಿ ಬರೆದಳು, ಆಗಲಿಲ್ಲ.

ಇದರ ನಡುವೆ, "ನಿಮಗೆ ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಗಿದೆ, 1,500 ರೂಪಾಯಿ ಪ್ರೊಸೆಸಿಂಗ್ ಕಟ್ಟಿ" ಅಂತ ಫೋನ್ ಬಂತು. ತಂಗಿಯ ಹೆಸರು, ಕಾಲೇಜು ಎಲ್ಲ ಸರಿಯಾಗೇ ಹೇಳಿದ. ದುಡ್ಡು ಕೇಳೋ ಸ್ಕಾಲರ್‌ಶಿಪ್ ಇರೋದಿಲ್ಲ. ಒಟಿಪಿ ಕೇಳಿದರೂ ಅಷ್ಟೇ, ಫೋನ್ ಇಡಿ.

ಸಾಲದ ದುಡ್ಡು, ಸ್ಕಾಲರ್‌ಶಿಪ್‌ನ ಮೊದಲ ಕಂತು ಕೈಗೆ ಬಂದಾಗ ಮನೆಯಲ್ಲಿ ಸಣ್ಣ ವಾದ ಆಯಿತು. ಅಪ್ಪ, "ಸ್ಕಾಲರ್‌ಶಿಪ್ ರೊಕ್ಕ ಓದಿನ ಸಾಲಕ್ಕ ಕಟ್ಟು, ಸಾಲ ಹಗುರ ಆಗಲಿ" ಅಂದ. ನಾನು ಬೇಡ ಅಂದೆ. ಓದಿನ ಸಾಲದ ಬಡ್ಡಿಯನ್ನು ಸದ್ಯಕ್ಕೆ ಸರ್ಕಾರ ಕಟ್ಟುತ್ತೆ, ಚಿನ್ನದ ಸಾಲದ ಬಡ್ಡಿ ನಾವೇ ಕಟ್ಟಬೇಕು. ಮೊದಲು ತೀರಬೇಕಾದ್ದು ಚಿನ್ನದ್ದು. ಅಪ್ಪ ಒಪ್ಪಿದ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲೆ ಗೇಟು ಬದಲಿಸೋ ಕೆಲಸ ಬಂದು, ಈ ಸಲ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ. ಹಿಂಗಾರು ನಂಬಿ ಹಾಕಿದ್ದ ಅಪ್ಪನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಡಿಸೆಂಬರ್‌ನಲ್ಲಿ ಬೋರಮಾಳ ಬಿಡಿಸಿ ತಂದೆವು. ಉಳಿದ ದುಡ್ಡನ್ನು ತಂಗಿಯ ಖಾತೆಯಲ್ಲೇ ಬಿಟ್ಟಿದ್ದೇವೆ, ಮುಂದಿನ ವರ್ಷದ ನಮ್ಮ ಶೇ 5ರ ಪಾಲಿಗೆ.

ಪ್ರಗತಿಯದು ಇನ್ನೂ ಬಂದಿಲ್ಲ. ಪೋರ್ಟಲ್ ತೆರೆದು ನೋಡೋದು ವಾರದ ಕೆಲಸ ಆಗಿದೆ.

ಎರಡನೇ ವರ್ಷದ ಕಂತಿಗೆ ಬ್ಯಾಂಕ್ ಕೇಳೋದು ಮೊದಲ ವರ್ಷದ ಅಂಕಪಟ್ಟಿ, ಕಾಲೇಜಿನ ಹೊಸ ಡಿಮ್ಯಾಂಡ್ ಲೆಟರ್, ಹಿಂದಿನ ಕಂತಿನ ರಸೀದಿಗಳು. ವಿಶ್ವವಿದ್ಯಾಲಯದ (ವಿಟಿಯು) ಫಲಿತಾಂಶ ತಡವಾದರೆ ಆನ್‌ಲೈನ್ ಪ್ರತಿಗೆ ಪ್ರಿನ್ಸಿಪಾಲರ ಸಹಿ ಹಾಕಿಸಿ ಕೊಡಿ, ನಡೆಯುತ್ತೆ ಅಂದಿದ್ದಾರೆ. ಸ್ಕಾಲರ್‌ಶಿಪ್‌ಗಳನ್ನೂ ವರ್ಷಾ ವರ್ಷಾ ನವೀಕರಿಸಬೇಕು. ನಮ್ಮ ಆದಾಯ ಪತ್ರದ ಐದು ವರ್ಷದ ಅವಧಿ ತಂಗಿ ಮೂರನೇ ವರ್ಷದಲ್ಲಿದ್ದಾಗ ಮುಗಿಯುತ್ತೆ. ಅದನ್ನು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ಜೂನ್‌ನಲ್ಲಿ ಫೈಲು ಹಿಡಿದು ಬ್ಯಾಂಕಿಗೆ ಹೋಗಬೇಕು. ಮ್ಯಾನೇಜರ್‌ಗೆ ವರ್ಗಾವಣೆ ಆಗಿದೆಯಂತೆ, ಹೊಸಬರು ಯಾರು ಬರ್ತಾರೋ ನೋಡಬೇಕು.